ಶನಿವಾರದ ಹದಿನೇಳು, ಭಾನುವಾರದ ಹದಿನೇಳು

ಎರ್ಮೆಲಿಂದಾ ಹಾಜ್ ಮೂವತ್ತು ವರ್ಷ ನಮ್ಮ ತಂಡದ ಬಟ್ಟೆ ಒಗೆದರು. ಆ ಮೂವತ್ತು ವರ್ಷಗಳಲ್ಲಿ ಒಂದೇ ಒಂದು ಆಟವನ್ನೂ ಕಣ್ಣಾರೆ ನೋಡಲಿಲ್ಲ. ಶನಿವಾರದ ಆಟ ಮುಗಿದ ಕೂಡಲೇ ಕೆಂಪು ಮಣ್ಣು ಮೆತ್ತಿದ ಬಟ್ಟೆಗಳ ಗಂಟು ಆಕೆಯ ಅಂಗಳಕ್ಕೆ ಬಂದು ಬೀಳುತ್ತಿತ್ತು. ಭಾನುವಾರದ ಆಟ ನಡೆಯುವ ಹೊತ್ತಿಗೆ ಆಕೆ ಬಾನಿಯ ಮುಂದೆ ಕೂತು ಶನಿವಾರದ ಮಣ್ಣು ಬಿಡಿಸುತ್ತಿರುತ್ತಿದ್ದರು. ಮೈದಾನದ ಕಡೆಯಿಂದ ಹೋ ಎಂಬ ಕೂಗು ಬಂದರೆ ಒಮ್ಮೆ ತಲೆ ಎತ್ತಿ, ‘ಯಾರೋ ಚೆನ್ನಾಗಿ ಹೊಡೆದ್ರು ಅಂತ ಕಾಣುತ್ತೆ’ ಎಂದು ಮತ್ತೆ ಉಜ್ಜಲು ತೊಡಗುತ್ತಿದ್ದರು.

ನಮ್ಮದು ಸಾಂತಾ ರುಫೀನಾ. ದೊಮಿನಿಕನ್ ನಾಡಿನ ಪೂರ್ವಕ್ಕಿರುವ ಕಬ್ಬಿನ ಸೀಮೆಯ ಒಂದು ಗಿರಣಿ ಊರು. ತಂಡದ ಹೆಸರು ‘ಗಾಣದವರು’. ಇಲ್ಲಿ ಬೇಸ್‌ಬಾಲ್ ಅಂದರೆ ಬರೀ ಆಟ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಪಾದ್ರಿಗಳೂ ಭಾನುವಾರದ ಪ್ರಾರ್ಥನೆಯನ್ನು ಆಟದ ಹೊತ್ತು ನೋಡಿಕೊಂಡೇ ಮುಗಿಸುತ್ತಾರೆ.

ಎರ್ಮೆಲಿಂದಾರ ಅಜ್ಜ ಇಂಗ್ಲಿಷರ ದ್ವೀಪವೊಂದರಿಂದ ಕಬ್ಬು ಕಡಿಯಲು ದೋಣಿಯಲ್ಲಿ ಬಂದವರು. ಹಾಜ್ ಎಂಬ ಮನೆತನದ ಹೆಸರು ಆ ಕಡೆಯದು. ತಾಯಿ ಗಿರಣಿಯ ಇಂಜಿನಿಯರುಗಳ ಬಿಳಿ ಅಂಗಿಗಳನ್ನು ಒಗೆಯುತ್ತಿದ್ದರು. ಗಂಡ ಕಸಿಮಿರೊ ಗಿರಣಿಯ ಕುಲುಮೆಯಲ್ಲಿ ಕೆಲಸಕ್ಕಿದ್ದ. ಎಪ್ಪತ್ತೊಂಬತ್ತರ ದೊಡ್ಡ ಬಿರುಗಾಳಿಯಲ್ಲಿ ಪಕ್ಕದ ಮನೆಯ ಮುದುಕಿಯನ್ನು ಹೊರಗೆ ತರಲು ಹೋದಾಗ ಹಾರಿಬಂದ ತಗಡು ಅವನ ಕುತ್ತಿಗೆಗೆ ಬಡಿಯಿತು. ಅದೇ ಗಾಳಿ ನಮ್ಮ ಮೈದಾನದ ಮರದ ಮೆಟ್ಟಿಲುಗಳನ್ನೂ ಎತ್ತಿಕೊಂಡು ಹೋಯಿತು. ಮರುವರ್ಷ ಸಿಮೆಂಟಿನ ಮೆಟ್ಟಿಲು ಕಟ್ಟಿ ತಂಡವನ್ನು ಮತ್ತೆ ನಿಲ್ಲಿಸಿದ ಕ್ಲಬ್ಬಿನ ಅಧ್ಯಕ್ಷ ದೋನ್ ಅಬುಂದಿಯೊ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಉಳಿದಿದ್ದ ಎರ್ಮೆಲಿಂದಾರನ್ನು ಕರೆದು ತಂಡದ ಬಟ್ಟೆ ಒಪ್ಪಿಸಿದರು. ಆಗ ಆಕೆಗೆ ಮೂವತ್ತನಾಲ್ಕು.

ಆಟ ನೋಡದಿದ್ದರೂ ಆಟಗಾರರು ಆಕೆಗೆ ಗೊತ್ತಿದ್ದರು, ನಮಗೆ ಗೊತ್ತಿಲ್ಲದ ಬಗೆಯಲ್ಲಿ. ಒಮ್ಮೆ ನನ್ನ ಔಷಧಿ ಅಂಗಡಿಗೆ ಬಂದವರು, ‘ಲಿಸಾರ್ದೊ, ನಿಮ್ಮ ಒಂಬತ್ತನೇ ನಂಬರಿನ ಹುಡುಗನಿಗೆ ಬಲಗೈ ನೋಯ್ತಿದೆ. ಕೇಳಿ ನೋಡು’ ಎಂದರು. ‘ನಿಮಗೆ ಹೇಗೆ ಗೊತ್ತು, ದೋನ್ಯಾ?’ ಎಂದೆ; ನಮ್ಮಲ್ಲಿ ಹಿರಿಯ ಹೆಂಗಸರನ್ನು ಹಾಗೆ, ಗಂಡಸರನ್ನು ದೋನ್ ಎಂದು ಕರೆಯುತ್ತೇವೆ. ‘ಇಷ್ಟು ದಿನ ಬಲತೋಳಲ್ಲಿ ಮುಖ ಒರೆಸ್ತಿದ್ದ. ಮೂರು ವಾರದಿಂದ ಎಡತೋಳು ಕೊಳೆಯಾಗಿ ಬರ್ತಿದೆ.’ ನಾನು ನಕ್ಕುಬಿಟ್ಟೆ. ಮರುವಾರ ಆ ಹುಡುಗ ಮೊಣಕೈ ಹಿಡಿದುಕೊಂಡು ಮೈದಾನದಲ್ಲೇ ಕುಸಿದ. ಆಮೇಲೆ ನಾನು ನಗಲಿಲ್ಲ.

ಎರಡು ಸಾವಿರದ ಹತ್ತರಲ್ಲಿ ಸಿಮೆಂಟಿನ ಮೆಟ್ಟಿಲುಗಳಿಗೆ ಮೂವತ್ತು ವರ್ಷವಾಯಿತು. ನಮ್ಮಲ್ಲಿ ಬಿರುಗಾಳಿಗೆ ಹಿಂದಿನದು ಹಳೆಯ ಕಾಲ, ಈಚೆಗಿನದು ಹೊಸ ಕಾಲ. ಹೊಸ ಕಾಲದ ಅತ್ಯುತ್ತಮ ಐವರು ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಆರಿಸಿ, ಮೈದಾನದ ಹೊರಗೋಡೆಯ ಮೇಲೆ ಅವರ ಹೆಸರುಗಳನ್ನು ದೊಡ್ಡದಾಗಿ ಬರೆಸಬೇಕು ಎಂದು ಕ್ಲಬ್ಬು ತೀರ್ಮಾನಿಸಿತು. ದೋನ್ ಅಬುಂದಿಯೊ ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಮಗಳು ಯೋಕಾಸ್ತಾ ಅಧ್ಯಕ್ಷೆಯಾಗಿದ್ದಳು. ಆರಿಸುವವರ ಪಟ್ಟಿಯಲ್ಲಿ ಅವಳು, ರೇಡಿಯೊದಲ್ಲಿ ಆಟ ಬಣ್ಣಿಸುವ ದೋನ್ ತಿಯೋಫಿಲೊ, ಇಪ್ಪತ್ತು ವರ್ಷ ಪಿಚರ್‌ಗಳ ಎದುರು ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದ ಕಿತೇರಿಯೊ, ಮತ್ತು ಕಾರ್ಯದರ್ಶಿಯೆಂದು ನಾನು ಇದ್ದೆವು. ಐದನೆಯವರಾಗಿ ಯೋಕಾಸ್ತಾ ಎರ್ಮೆಲಿಂದಾರ ಹೆಸರು ಹೇಳಿದಳು.

ತಿಯೋಫಿಲೊ ಕನ್ನಡಕ ತೆಗೆದರು. ‘ಹಾಗಾದ್ರೆ ಮೈದಾನದಲ್ಲಿ ಕಡಲೆಕಾಯಿ ಮಾರೋನ್ನೂ ಕರೆಯಮ್ಮ. ಅವನೂ ಮೂವತ್ತು ವರ್ಷದಿಂದ ಇದ್ದಾನೆ.’

‘ಅವನು ಕಡಲೆಕಾಯಿ ನೋಡ್ತಾನೆ ದೋನ್ ತಿಯೋ. ಎಲ್ಲಾ ಪಿಚರ್‌ಗಳ ಬೆವರು ನೋಡಿರೋರು ಅವರೊಬ್ಬರೇ.’

ಫೆಬ್ರವರಿಯ ಒಂದು ಬೆಳಗ್ಗೆ ಕ್ಲಬ್ಬಿನ ಕೋಣೆಯಲ್ಲಿ ಸೇರಿದೆವು. ಎರ್ಮೆಲಿಂದಾ ಚರ್ಚಿಗೆ ಹೋಗುವ ನೀಲಿ ಉಡುಪು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಯೋಕಾಸ್ತಾ ಎಲ್ಲರಿಗೂ ಕಾಫಿ ಕೊಟ್ಟಳು. ನಾನು ಮೂವತ್ತು ವರ್ಷದ ಆಟಗಳನ್ನು ಬರೆದಿಟ್ಟ ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿದ್ದೆ.

ನಾಲ್ಕು ಹೆಸರುಗಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಡಗೈಯ ನೆಫ್ತಾಲಿಯ ಬಗ್ಗೆ ಮಾತ್ರ ಕಿತೇರಿಯೊಗೂ ತಿಯೋಫಿಲೊಗೂ ಜಟಾಪಟಿಯಾಯಿತು. ‘ಆ ಮನುಷ್ಯ ಅಮಾವಾಸ್ಯೆಗೊಂದು ಹುಣ್ಣಿಮೆಗೊಂದು ನೆಟ್ಟಗೆ ಎಸೀತಿದ್ದ, ಮಿಕ್ಕಿದ್ದೆಲ್ಲ ನನ್ನ ಮಂಡಿಗೆ’ ಎಂದು ಕಿತೇರಿಯೊ ಪ್ಯಾಂಟು ಮೇಲೆತ್ತಿ ಗಾಯದ ಗುರುತು ತೋರಿಸಿದ. ಎರ್ಮೆಲಿಂದಾ ಮೆಲ್ಲಗೆ, ‘ಆ ಹುಡುಗ ಸೋಲ್ತಿರೋವಾಗ್ಲೂ ಅಂಗಿ ಎದೆ ಮಾತ್ರ ಒದ್ದೆಯಾಗ್ತಿತ್ತು. ಹೆದರೋನಿಗೆ ಬೆನ್ನು ಒದ್ದೆಯಾಗುತ್ತೆ’ ಎಂದರು. ಕಿತೇರಿಯೊ ಪ್ಯಾಂಟು ಕೆಳಗಿಳಿಸಿ, ‘ಹೆದರ್ತಿರ್ಲಿಲ್ಲ, ಅದು ನಿಜ’ ಎಂದು ಒಪ್ಪಿಕೊಂಡ. ನೆಫ್ತಾಲಿಯ ಹೆಸರು ಉಳಿಯಿತು.

ಆಮೇಲೆ ತಿಯೋಫಿಲೊ ಎದ್ದು ನಿಂತರು. ರೇಡಿಯೊದ ದನಿ ಬಂತು.

‘ಮೊದಲನೇ ಸ್ಥಾನಕ್ಕೆ ಚರ್ಚೆ ಬೇಡ. ಮೂಗ ಎಲಿಹಿಯೊ.’

ಎಲ್ಲರೂ ಕೈ ಎತ್ತಿದೆವು. ಎಲಿಹಿಯೊ ಸೆದಾನೊ ನಮ್ಮ ಊರಿನ ಹೆಮ್ಮೆ. ಎಂಬತ್ಮೂರರಿಂದ ಎಂಬತ್ತೇಳರವರೆಗೆ ಐದು ವರ್ಷ ಆಡಿ ಅರವತ್ತೊಂದು ಆಟ ಗೆಲ್ಲಿಸಿಕೊಟ್ಟವನು. ಶನಿವಾರ ಇಡೀ ಆಟ ಎಸೆದು, ಭಾನುವಾರ ಮತ್ತೆ ಬಂದು ಇಡೀ ಆಟ ಎಸೆಯುತ್ತಿದ್ದ. ಹಾಗೆ ಎಸೆದ ಮನುಷ್ಯನ ತೋಳು ಬುಧವಾರದವರೆಗೂ ಮೇಲೇಳುವುದಿಲ್ಲ. ಇವನಿಗೆ ಏನೂ ಆಗುತ್ತಿರಲಿಲ್ಲ. ಊರಾಚೆ ಎಂಟು ಮೈಲಿ ದೂರದ ಕಬ್ಬಿನ ಕೂಲಿಗಳ ವಸತಿಯಿಂದ ಸಮವಸ್ತ್ರ ಹಾಕಿಕೊಂಡೇ ಸೈಕಲ್ಲಿನಲ್ಲಿ ಬರುತ್ತಿದ್ದ, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು ಎಸೆಯುತ್ತಿದ್ದ, ಆಟ ಮುಗಿದರೆ ಬಟ್ಟೆ ಬದಲಿಸಿ ಗಂಟಿಗೆ ಹಾಕಿ, ಯಾರೊಂದಿಗೂ ತುಟಿ ಬಿಚ್ಚದೆ ಸೈಕಲ್ಲು ಹತ್ತಿ ಹೋಗುತ್ತಿದ್ದ. ಹಾಗಾಗಿ ಮೂಗ ಎಂದು ಹೆಸರಾಯಿತು. ಎಂಬತ್ತೈದರಲ್ಲಿ ಸಾನ್ ಕಯೆತಾನೊ ಗಿರಣಿಯವರ ಎದುರಿನ ಕೊನೆಯ ಆಟದಲ್ಲಿ ಹದಿನಾಲ್ಕು ಇನಿಂಗ್ಸ್ ಒಂದು ಓಟವನ್ನೂ ಕೊಡದೆ ಎಸೆದು ಗೆದ್ದವರ ಕಪ್ಪು ತಂದುಕೊಟ್ಟ. ನಡುವೆ ನಲವತ್ತು ನಿಮಿಷ ಮಳೆ ಬಂದು ಆಟ ನಿಂತಿತ್ತು. ‘ಮಳೆ ನಿಂತ ಮೇಲೆ ಬೇರೆಯೇ ಮನುಷ್ಯನಾಗಿ ಬಂದ’ ಎಂದು ತಿಯೋಫಿಲೊ ಇಪ್ಪತ್ತೈದು ವರ್ಷಗಳಿಂದ ರೇಡಿಯೊದಲ್ಲಿ ಹೇಳುತ್ತಲೇ ಇದ್ದರು.

ಎರ್ಮೆಲಿಂದಾ ಮಾತ್ರ ಕೈ ಎತ್ತಿರಲಿಲ್ಲ.

‘ಹದಿನೇಳನೇ ನಂಬರು ತಾನೇ?’ ಎಂದು ಕೇಳಿದರು.

‘ಹೌದು ದೋನ್ಯಾ, ಹದಿನೇಳು’ ಎಂದೆ.

‘ಯಾವ ಹದಿನೇಳು? ಶನಿವಾರದ್ದೋ, ಭಾನುವಾರದ್ದೋ?’

ತಿಯೋಫಿಲೊ ನಕ್ಕರು. ‘ಎರಡೂ ದಿನ ಎಸೀತಿದ್ದ ತಾಯಿ. ಅದೇ ಅವನ ಮಹಿಮೆ.’

‘ಅಲ್ಲ ದೋನ್ ತಿಯೋ, ಆಳುಗಳು ಬೇರೆ ಬೇರೆ ಅಲ್ವಾ? ಇಬ್ಬರಲ್ಲಿ ಯಾರ ಹೆಸರು ಬರೀತೀರಿ ಅಂತ ಕೇಳ್ತಿದೀನಿ.’

ಯೋಕಾಸ್ತಾ ಕಾಫಿಯ ಲೋಟವನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೆಯೇ ನಿಂತಳು. ನನಗೆ ಆಕೆ ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಿಯೋಫಿಲೊರ ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತ್ತು.

‘ಏನಂದ್ರಿ?’

ಎರ್ಮೆಲಿಂದಾ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದರು: ‘ತಂಡಕ್ಕೆ ಎರಡು ಜೊತೆ ಬಟ್ಟೆ ಇರ್ತಿತ್ತು. ಶನಿವಾರ ಒಂದು, ಭಾನುವಾರ ಒಂದು. ಎಲ್ಲರದ್ದೂ ಎರಡೂ ಒಂದೇ ಅಳತೆ. ಹದಿನೇಳರದ್ದು ಮಾತ್ರ ಬೇರೆ. ಭಾನುವಾರದ ಪ್ಯಾಂಟಿನ ಸೊಂಟ ಎರಡು ಬೆರಳು ಹಿಡಿದುಕೊಡಿ ಅಂತ ದೋನ್ ಅಬುಂದಿಯೊನೇ ಬಂದು ಹೇಳಿದ್ರು. ನಾನೇ ಹೊಲಿದೆ. ಶನಿವಾರದೋನು ಎಡಮಂಡಿ ಮಣ್ಣು ಮಾಡ್ಕೊಂಡು ಬರ್ತಿದ್ದ. ಭಾನುವಾರದೋನ ಮಂಡಿ ಎರಡೂ ಚೊಕ್ಕಟ. ಆದ್ರೆ ಕಾಲರನ್ನ ಹಲ್ಲಲ್ಲಿ ಕಚ್ಚಿ ಕಚ್ಚಿ ನೂಲು ಎಬ್ಬಿಸ್ತಿದ್ದ. ಒಬ್ಬನೇ ಮನುಷ್ಯ ವಾರವಾರವೂ ಒಂದೇ ರಾತ್ರೀಲಿ ಎರಡು ಬೆರಳು ಸಣ್ಣ ಆಗ್ತಾನೇನಪ್ಪ?’

ಯೋಕಾಸ್ತಾ ಲೋಟವನ್ನು ಮೇಜಿನ ಮೇಲಿಟ್ಟಳು.

‘ಆ ಮಳೆ ಬಂದ ಭಾನುವಾರ,’ ಆಕೆ ಮುಂದುವರಿಸಿದರು, ‘ದೋನ್ ಅಬುಂದಿಯೊ ಓಡ್ಕೊಂಡು ಬಂದ್ರು. ಶನಿವಾರದ ಹದಿನೇಳು ಆಗಷ್ಟೇ ಹಿಂಡಿ ಹಗ್ಗದ ಮೇಲೆ ಹಾಕಿದ್ದೆ. ಒದ್ದೆ ಇದೆ ಅಂದೆ. ಮಳೇಲಿ ಎಲ್ಲರದ್ದೂ ಒದ್ದೇನೇ ಬಿಡಿ ಅಂತ ಎಳ್ಕೊಂಡು ಹೋದ್ರು. ಸಂಜೆ ಎರಡು ಹದಿನೇಳೂ ಒಟ್ಟಿಗೆ ಬಂದ್ವು. ಎರಡಕ್ಕೂ ಹೊಸಾ ಮಣ್ಣು. ಭಾನುವಾರದ ಪ್ಯಾಂಟಿನ ಜೇಬಿನ ಹತ್ತಿರ ರಕ್ತ ಒರೆಸಿದ್ದ, ಉಗುರು ಕಿತ್ತಿರಬೇಕು. ತಣ್ಣೀರಲ್ಲಿ ಮೂರು ಸಲ ನೆನೆಹಾಕಿದೆ.’

ಆಗ ಕಿತೇರಿಯೊ ಎದ್ದು ಹೋಗಿ ಕಿಟಕಿಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತ. ಅವನ ದಪ್ಪ ಕುತ್ತಿಗೆ ಕೆಂಪಗಾಗಿತ್ತು. ಆ ಬೆನ್ನು ನೋಡಿದ ಮೇಲೆ ಮತ್ತೇನೂ ಕೇಳಬೇಕಾಗಿರಲಿಲ್ಲ. ಆದರೂ ಯೋಕಾಸ್ತಾ ಕೇಳಿದಳು.

‘ಕಿತೇರಿಯೊ ಮಾಮಾ, ನೀವು ಎದುರಿಗೇ ಕೂತು ಹಿಡೀತಿದ್ರಿ.’

‘ಏನ್ ಮಾಡ್ಲಿ ಮಗಳೇ? ನಿಮ್ಮಪ್ಪ ನಮ್ಮವ್ವನ ಮೇಲೆ ಆಣೆ ಹಾಕಿಸ್ಕೊಂಡಿದ್ರು. ಅವರಿಗೆ, ನನಗೆ, ಬಿಟ್ರೆ ಇನ್ಯಾರಿಗೂ ಗೊತ್ತಿರ್ಲಿಲ್ಲ.’ ಕಿಟಕಿಯಾಚೆ ನೋಡುತ್ತಲೇ ಹೇಳಿದ: ‘ತಮ್ಮ ಅವನು. ಒಂದು ವರ್ಷ ಚಿಕ್ಕೋನು. ಗಡ್ಡ ಬಿಟ್ಟು ಟೋಪಿ ಹಾಕಿದ್ರೆ ಅಚ್ಚು ಅಣ್ಣನ ಹಾಗೇ. ದನಿ ಮಾತ್ರ ಬೇರೆ, ಅವನಿಗೆ ಉಗ್ಗು. ಅದಕ್ಕೇ ಇಬ್ಬರೂ ಬಾಯಿ ಬಿಡ್ತಿರ್ಲಿಲ್ಲ.’

ಯೋಕಾಸ್ತಾ ಗೋಡೆಯ ಮೇಲಿದ್ದ ತಂದೆಯ ಪಟದ ಕಡೆ ತಿರುಗಿ, ಬಹಳ ಹೊತ್ತು ನೋಡಿದಳು. ತಿಯೋಫಿಲೊ ಕುರ್ಚಿಯ ಹಿಡಿ ತಡಕಿ ಕೂತರು. ನನ್ನ ಮುಂದೆ ಎಂಬತ್ತೈದರ ಪುಸ್ತಕ ತೆರೆದಿತ್ತು. ನನ್ನ ಕೈಬರಹದಲ್ಲೇ ‘ಎಲಿಹಿಯೊ ಸೆದಾನೊ, ಹದಿನಾಲ್ಕು ಇನಿಂಗ್ಸ್’ ಎಂದಿತ್ತು. ಅಡಿಯಲ್ಲಿ ಎರಡು ಗೆರೆ ಎಳೆದಿದ್ದೆ. ಆ ದಿನ ನಾನು ಅತ್ತಿದ್ದೆ. ಇಡೀ ಊರು ಐದು ವರ್ಷ ಕಣ್ಣು ಬಿಟ್ಟುಕೊಂಡು ನೋಡಿದ್ದನ್ನು ನಾವು ಯಾರೂ ನೋಡಿರಲಿಲ್ಲ.

ನಮಗಿಂತ ಹೆಚ್ಚು ಆಘಾತವಾಗಿದ್ದು ಎರ್ಮೆಲಿಂದಾರಿಗೆ. ‘ನಿಮಗ್ಯಾರಿಗೂ ಗೊತ್ತಿರ್ಲಿಲ್ವಾ?’ ಎಂದವರು ಬಾಯಿಗೆ ಅಂಗೈ ಅಡ್ಡ ಹಿಡಿದರು. ‘ಆಡೋದು ನೋಡೋರು ನೀವು. ನಿಮಗೆ ಗೊತ್ತೇ ಇರುತ್ತೆ ಅಂದ್ಕೊಂಡಿದ್ದೆ. ದೇವರೇ, ನಾನೇನು ಮಾತಾಡಿಬಿಟ್ಟೆ!’

‘ಈ ಮಾತು ಈ ಕೋಣೆಯ ಹೊಸ್ತಿಲು ದಾಟಬಾರದು’ ಎಂದರು ತಿಯೋಫಿಲೊ. ರೇಡಿಯೊದ ದನಿ ಹೋಗಿ ಮುದುಕನ ದನಿ ಬಂದಿತ್ತು. ‘ಕಪ್ಪು ಹೋಗುತ್ತೆ. ಮರ್ಯಾದೆ ಹೋಗುತ್ತೆ. ಸಾನ್ ಕಯೆತಾನೊದವರು ಊರ ಬಾಗಿಲಲ್ಲಿ ನಿಂತು ಉಗೀತಾರೆ.’

ಅಂದು ಏನೂ ತೀರ್ಮಾನವಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದೆವು.

ಮರುದಿನ ಬೆಳಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಎರ್ಮೆಲಿಂದಾ ಮೆಟ್ಟಿಲ ಮೇಲೆ ಕೂತಿದ್ದರು. ರಾತ್ರಿ ಕಣ್ಣು ಮುಚ್ಚಿದಂತೆ ಕಾಣಲಿಲ್ಲ.

‘ಆ ಹುಡುಗನ ಹತ್ರ ಕರ್ಕೊಂಡು ಹೋಗು ಲಿಸಾರ್ದೊ. ಬೇರೆಯೋರ ಬಾಯಿಂದ ಅವನ ಕಿವಿಗೆ ಬೀಳೋ ಮೊದಲು ನಾನೇ ಹೇಳ್ಬೇಕು.’

ಅರವತ್ತನಾಲ್ಕರ ಹೆಂಗಸು ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಒಂದು ಪಕ್ಕಕ್ಕೆ ಕೂತು, ಟೋಪಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಎಂಟು ಮೈಲಿ ಬಂದರು. ದಾರಿಯುದ್ದಕ್ಕೂ ಕಬ್ಬಿನ ಕೊಯ್ಲು ನಡೆಯುತ್ತಿತ್ತು. ಎಲಿಹಿಯೊ ವಸತಿಯ ತಲೆಬಾಗಿಲಲ್ಲೇ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ ಇಟ್ಟುಕೊಂಡಿದ್ದ. ನಲವತ್ತೊಂಬತ್ತರ ಗಂಡಸು, ಗಡ್ಡ ಬೆಳ್ಳಗಾಗಿತ್ತು. ನಮ್ಮನ್ನು ಕಂಡು ಎರಡು ಟೈರು ಉರುಳಿಸಿ, ಒರೆಸಿ, ಕೂರಲು ಕೊಟ್ಟ.

ಎರ್ಮೆಲಿಂದಾ ಕೂರಲಿಲ್ಲ. ‘ನಾನು ನಿಮ್ಮ ಬಟ್ಟೆ ಒಗೀತಿದ್ದೋಳು ಮಗಾ. ನಿನ್ನೆ ನಾಲ್ಕು ಜನರ ಮುಂದೆ ಬಾಯಿ ತಪ್ಪಿ ಹೇಳ್ಬಿಟ್ಟೆ, ಹದಿನೇಳು ಇಬ್ಬರು ಅಂತ. ನನ್ನನ್ನ ಕ್ಷಮಿಸು.’

ಅವನ ಕೈಯಲ್ಲಿದ್ದ ಕಬ್ಬಿಣದ ಸರಳು ನೆಲಕ್ಕೆ ಬಿತ್ತು. ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಆಕೆಯ ಹತ್ತಿರ ಬಂದು, ಮುಖ ಬಗ್ಗಿಸಿ ನೋಡಿದ.

‘ಅವನು ನಿಮಗೆ ಗೊತ್ತಿದ್ನಾ?’

‘ಮುಖ ಗೊತ್ತಿಲ್ಲ. ಮೈ ಗೊತ್ತು. ನಿನಗಿಂತ ಎರಡು ಬೆರಳು ಸಣ್ಣ ಸೊಂಟ. ಕಾಲರು ಕಚ್ಚೋನು.’

‘ಹೌದು,’ ಎಂದ ಎಲಿಹಿಯೊ. ‘ಹೌದು, ಕಚ್ಚೋನು. ಅಜ್ಜಿ ಬೈಯ್ಯೋಳು.’ ನಮಗೆಂದು ಹಾಕಿದ್ದ ಟೈರಿನ ಮೇಲೆ ತಾನೇ ಕುಸಿದು ಕೂತ. ಮೂಗ ಎಂದು ನಾವು ಕರೆದ ಮನುಷ್ಯ ಆಮೇಲೆ ಒಂದು ಗಂಟೆ ಬಿಡದೆ ಮಾತಾಡಿದ.

ತಮ್ಮನ ಹೆಸರು ಎವಾರಿಸ್ತೊ. ಅವನು ಹುಟ್ಟಿ ಮೂರನೆಯ ದಿನಕ್ಕೆ ತಾಯಿ ತೀರಿಕೊಂಡಳು. ತಂದೆ ಬೇರೆ ಗಿರಣಿಗೆ ಕಬ್ಬು ಕಡಿಯಲು ಹೋದವನು ತಿರುಗಿ ಬರಲಿಲ್ಲ. ಹುಟ್ಟಿದ್ದನ್ನು ಬರೆಸಲು ಪೇಟೆಯ ಕಚೇರಿಗೆ ಹೋಗುವವರು ಯಾರೂ ಇರಲಿಲ್ಲ. ಅಣ್ಣನಿಗೆ ಹುಟ್ಟಿದ ಚೀಟಿ ಇತ್ತು, ತಮ್ಮನಿಗೆ ಇರಲಿಲ್ಲ. ಚೀಟಿ ಇಲ್ಲದವನಿಗೆ ಮೇಲಿನ ತರಗತಿ ಇಲ್ಲ, ಗಿರಣಿಯಲ್ಲಿ ಕೆಲಸವಿಲ್ಲ, ಆಟಗಾರನೆಂಬ ಗುರುತಿನ ಕಾರ್ಡೂ ಇಲ್ಲ. ಎಲಿಹಿಯೊಗೆ ವಸತಿಯ ಪಕ್ಕದ ಗಿರಣಿ ಹೊಲದಲ್ಲಿ ಶನಿವಾರ ರಜೆ, ಭಾನುವಾರ ಕೆಲಸ. ಹಾಗಾಗಿ ಶನಿವಾರ ಅಣ್ಣ, ಭಾನುವಾರ ತಮ್ಮ. ಕೊನೆಯ ಆಟದ ದಿನ ತಮ್ಮನ ಉಗುರು ಕಿತ್ತುಬಂತು. ಕೆಲಸ ಮುಗಿಸಿ ಮೆಟ್ಟಿಲುಗಳ ಹಿಂದೆ ನಿಂತು ನೋಡುತ್ತಿದ್ದ ಅಣ್ಣನನ್ನು ದೋನ್ ಅಬುಂದಿಯೊ ಕಂಡರು. ಆಗಲೇ ಮಳೆ ಶುರುವಾಯಿತು.

‘ನಿಮ್ಮ ವಸತಿಯಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ?’ ಎಂದು ಕೇಳಿದೆ.

‘ಎಲ್ಲರಿಗೂ ಗೊತ್ತಿತ್ತು ದೋನ್ ಲಿಸಾರ್ದೊ. ನಿಮ್ಮೂರಿಂದ ಬಂದು ಇಲ್ಲಿಯೋರನ್ನ ಯಾರು ಕೇಳಿದ್ರು?’



ಎಂಬತ್ತೇಳರಲ್ಲಿ ಅಮೆರಿಕದಿಂದ ಆಟಗಾರರನ್ನು ಹುಡುಕಿಕೊಂಡು ಒಬ್ಬ ಬಂದಿದ್ದ. ಮೂಗನನ್ನು ನೋಡಿ ಆಗಲೇ ಒಪ್ಪಂದದ ಕಾಗದ ಕೊಟ್ಟಿದ್ದ. ಮೂಗ ಹೋಗಲಿಲ್ಲ. ಅದೇಕೆ ಎಂದು ಊರು ಇಪ್ಪತ್ಮೂರು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿತ್ತು. ಹೆದರಿದ ಎಂದರು, ಹೆಣ್ಣಿನ ಮೋಹ ಎಂದರು. ಎಲಿಹಿಯೊ ಹೇಳಿದ: ‘ಅವನು ನೋಡಿದ್ದು ಭಾನುವಾರದ ಆಟ. ಬೇಕಾಗಿದ್ದಿದ್ದು ಎವಾರಿಸ್ತೊನ ತೋಳು. ನಾನು ಹೋಗಿದ್ರೆ ಎರಡನೇ ದಿನಾನೇ ವಾಪಸ್ ಅಟ್ಟೋರು. ನನ್ನ ಚೀಟಿ ನೀನು ತಗೋ, ಇನ್ಮೇಲೆ ನೀನೇ ಎಲಿಹಿಯೊ, ಹೋಗು ಅಂದೆ. ಒಪ್ಪಲಿಲ್ಲ. ಆ-ಆಮೇಲೆ ನೀನು ಯಾರಾಗಿರ್ತೀಯ ಅಂದ.’ ತಮ್ಮನ ಉಗ್ಗನ್ನು ಅವನು ಅಣಕವಿಲ್ಲದೆ, ಅವನಿದ್ದ ಹಾಗೆಯೇ ಆಡಿ ತೋರಿಸಿದ.

ತೊಂಬತ್ತೊಂದರಲ್ಲಿ ಎವಾರಿಸ್ತೊ ಪೋರ್ಟೊ ರಿಕೊಗೆ ಕದ್ದು ಹೋಗುವ ಮರದ ದೋಣಿಯೊಂದನ್ನು ಹತ್ತಿದ. ದೋಣಿ ಆಚೆ ದಡ ಮುಟ್ಟಲಿಲ್ಲ. ಮುಳುಗಿದವರ ಪಟ್ಟಿ ಮಾಡುತ್ತಿದ್ದಲ್ಲಿಗೆ ಎಲಿಹಿಯೊ ಹೋದ. ತಮ್ಮನ ಗುರುತಿನ ಸಂಖ್ಯೆ ಕೇಳಿದರು. ಇಲ್ಲ ಎಂದ. ಹುಟ್ಟಿದ ಚೀಟಿ ಕೇಳಿದರು. ಇಲ್ಲ ಎಂದ. ‘ಹಾಗಾದ್ರೆ ಯಾರು ಸತ್ತಿದ್ದು ಅಂತ ಬರೆಯೋದಪ್ಪ?’ ಎಂದು ಕೇಳಿದರಂತೆ. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಎರ್ಮೆಲಿಂದಾ ಗರಬಡಿದವರಂತೆ ನಿಂತಿದ್ದರು. ಅಂಗಳದಲ್ಲಿ ಹಿಂಡಿ ಒಣಗಿಸಿದ ಬಟ್ಟೆಯ ಒಡೆಯ ಹತ್ತೊಂಬತ್ತು ವರ್ಷದ ಹಿಂದೆಯೇ ಹೋಗಿದ್ದ ಎಂಬುದು ಆಕೆಗೆ ಆಗಷ್ಟೇ ತಿಳಿದಿತ್ತು. ‘ಸತ್ತುಹೋದ್ನಾ?’ ಎಂದು ಎರಡು ಸಲ ಕೇಳಿದರು. ಎಲಿಹಿಯೊ ಎರಡು ಸಲವೂ ಹೌದೆಂದ. ಆಕೆ ಅವನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ನಾನು ಬಾಗಿಲಾಚೆ ಹೋಗಿ ನಿಂತೆ.

ಹೊರಡುವಾಗ ಎಲಿಹಿಯೊ ನನ್ನ ಮೋಟಾರ್ ಸೈಕಲ್ಲಿನ ಹಿಡಿ ಹಿಡಿದು ನಿಲ್ಲಿಸಿದ. ‘ರೇಡಿಯೊದಲ್ಲಿ ಹೇಳಿಸಿ. ಕಪ್ಪು ಹೋದ್ರೆ ಹೋಗ್ಲಿ. ಗೋಡೆ ಮೇಲೆ ನನ್ನ ಹೆಸರು ಬೇಡ. ನಾನು ಒಳ್ಳೇ ಪಿಚರ್, ಅಷ್ಟೆ. ಐದರೊಳಗೆ ಬರೋನು ಅವನು.’

ಅವನ ಮಾತನ್ನು ಪರೀಕ್ಷಿಸದೆ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಪುಸ್ತಕಗಳಲ್ಲಿ ತಾರೀಕುಗಳಿದ್ದವು, ಶನಿವಾರಗಳನ್ನೂ ಭಾನುವಾರಗಳನ್ನೂ ಬೇರೆ ಮಾಡಿದೆ. ಶನಿವಾರದ ಗೆಲುವು ಇಪ್ಪತ್ನಾಲ್ಕು. ಭಾನುವಾರದ್ದು ಮೂವತ್ತಾರು. ಉಳಿದ ಒಂದು, ಇಬ್ಬರಿಗೂ ಸೇರಿದ ಆ ಮಳೆಯ ದಿನದ್ದು. ಭಾನುವಾರಗಳಲ್ಲಿ ಎದುರಾಳಿಗೆ ಬಿಟ್ಟುಕೊಟ್ಟ ಓಟಗಳು ಎಷ್ಟು ಕಡಿಮೆ ಎಂದರೆ, ಮೂರು ಸಲ ಕೂಡಿದೆ. ಮೂರು ಸಲವೂ ಅಷ್ಟೇ ಬಂತು. ಅಂಥ ಪಿಚರ್ ನಮ್ಮಲ್ಲಿ ಬೇರೊಬ್ಬನಿಲ್ಲ. ಇಷ್ಟು ವರ್ಷ ಆ ಅಂಕಿಗಳು ನನ್ನ ಕಪಾಟಿನಲ್ಲೇ ಇದ್ದವು.

ತಿಯೋಫಿಲೊರನ್ನು ಒಪ್ಪಿಸಲು ಎರ್ಮೆಲಿಂದಾರೇ ಅವರ ಮನೆಗೆ ಹೋದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ, ಆಕೆ ಹೇಳಲಿಲ್ಲ. ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ತಿಯೋಫಿಲೊ ರೇಡಿಯೊದಲ್ಲಿ ಎಲ್ಲವನ್ನೂ ಹೇಳಿದರು. ಯಾವ ಬಣ್ಣವನ್ನೂ ಹಚ್ಚಲಿಲ್ಲ. ‘ಎವಾರಿಸ್ತೊ’ ಎಂಬ ಹೆಸರು ಬಂದಾಗ ಸ್ವಲ್ಪ ಹೊತ್ತು ರೇಡಿಯೊ ಬರೀ ಗೊರಗೊರ ಎಂದಿತು. ನನ್ನ ಅಂಗಡಿಯ ಎದುರು ದೊಮಿನೊ ಆಡುತ್ತಿದ್ದವರು ಕಾಯಿಗಳನ್ನು ಅಂಗೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟರು. ಒಬ್ಬ ಮಾತ್ರ, ‘ಸುಳ್ಳು! ನಾನು ಕಣ್ಣಾರೆ ನೋಡಿದೀನಿ’ ಎಂದು ಕೂಗಿ ಎದ್ದ.

ಒಂದು ವಾರ ಊರಿಗೆ ಸೂತಕ ಹಿಡಿದ ಹಾಗಿತ್ತು. ಎರ್ಮೆಲಿಂದಾರ ಮನೆಯ ತಗಡಿನ ಮೇಲೆ ಯಾರೋ ಹಗಲಲ್ಲೇ ಕಲ್ಲು ಎಸೆದರು. ಮಾರುಕಟ್ಟೆಯಲ್ಲಿ ಮೀನು ಮಾರುವವಳು, ‘ಊರಿನ ಕೊಳೆ ಬಟ್ಟೆ ನಡುಬೀದೀಲಿ ಒಗೆದ್ಲಲ್ಲ ಮಹಾತಾಯಿ’ ಎಂದು ಕೇಳಿಸುವಂತೆ ಹೇಳಿದಳು. ಎರ್ಮೆಲಿಂದಾ ತಿರುಗಿ ನಿಂತು, ‘ಒಗೆದೋಳು ನಾನು, ಕೊಳೆ ಮಾಡಿದೋಳು ನಾನಲ್ಲ. ಆ ಮೀನಿನ ಕಿವಿರು ಎತ್ತು, ಎಷ್ಟು ದಿನದ್ದು ನೋಡೋಣ’ ಎಂದರು. ಅವಳು ಎತ್ತಲಿಲ್ಲ.

ಸಾನ್ ಕಯೆತಾನೊದ ಹಳೆಯ ಆಟಗಾರರು ಲಾರಿಯಲ್ಲಿ ಬಂದರು. ಯೋಕಾಸ್ತಾ ಕಪ್ಪನ್ನು ಒರೆಸಿ, ಮೇಜಿನ ಮೇಲಿಟ್ಟು ಕಾಯುತ್ತಿದ್ದಳು. 

‘ನಮ್ಮಪ್ಪ ಮಾಡಿದ್ದು ತಪ್ಪು’ ಎಂದಷ್ಟೇ ಹೇಳಿದಳು. ಅವರ ನಾಯಕನಾಗಿದ್ದವನು ಈಗ ಹಲ್ಲಿಲ್ಲದ ಮುದುಕ. ಅಲ್ಲಿಗೆ ಬಂದಿದ್ದ ಎಲಿಹಿಯೊನ ಕೈ ಹಿಡಿದುಕೊಂಡ. ‘ಅವತ್ತು ನಾನು ನಾಲ್ಕು ಸಲ ಔಟಾದೆ. ಒಬ್ಬನಿಗೇ ನಾಲ್ಕು ಸಲ ಸೋತೆ ಅಂತ ಇಪ್ಪತ್ತೈದು ವರ್ಷ ಹೆಂಡ್ತಿ ಮುಂದೆ ತಲೆ ಎತ್ತಿಲ್ಲ. ಇಬ್ಬರು ಅಂದ್ಯಲ್ಲ, ಎಷ್ಟೋ ಹಗುರಾಯ್ತು ಮಾರಾಯ.’ ಎಲ್ಲರೂ ನಕ್ಕರು. ಆದರೂ ಕಪ್ಪು ಬಿಡಲಿಲ್ಲ; ಲಾರಿಯ ಮುಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದ. ಅದು ಈಗಲೂ ಅಲ್ಲೇ ಇದೆ.

ಐವರ ಪಟ್ಟಿ ಮಾಡಲು ಮತ್ತೆ ಅದೇ ಕೋಣೆಯಲ್ಲಿ ಕೂತೆವು. ಗುರುತಿನ ಚೀಟಿಯಿಲ್ಲದ, ನಿಯಮ ಮುರಿದು ಆಡಿದವನನ್ನು ಮೊದಲಿಗೆ ಹೇಗೆ ಇಡುವುದು ಎಂದು ನಾನೇ ತಕರಾರು ತೆಗೆದೆ. ಕಾರ್ಯದರ್ಶಿಯಾಗಿ ಅದು ನನ್ನ ಕೆಲಸ. ಕಿತೇರಿಯೊ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿದ, ಬೆರಳುಗಳು ಸೊಟ್ಟಗಾಗಿದ್ದವು. ‘ನಿಯಮ ಪುಸ್ತಕದಲ್ಲಿದೆ ಲಿಸಾರ್ದೊ. ನೀವು ಕೇಳಿದ್ದು ಒಳ್ಳೇ ಪಿಚರ್ ಯಾರು ಅಂತ. ಈ ಕೈಗಳಿಗೆ ಗೊತ್ತು’ ಎಂದ. ಐದೂ ಕೈಗಳು ಮೇಲೆದ್ದವು. ನನ್ನದು ಕೊನೆಯದು.

ಗೋಡೆ ಬರೆಯುವವನು ಮಿಕ್ಕ ನಾಲ್ವರ ಹೆಸರಿನ ಕೆಳಗೆ ಹುಟ್ಟಿದ ತಾರೀಕು ಬರೆದು, ಎವಾರಿಸ್ತೊ ಸೆದಾನೊನ ಕೆಳಗೆ ಏನು ಬರೆಯಲಿ ಎಂದು ಏಣಿಯ ಮೇಲಿಂದ ಕೇಳಿದ. ಎಲಿಹಿಯೊಗೆ ತಾರೀಕು ಗೊತ್ತಿರಲಿಲ್ಲ. ಅಜ್ಜಿ ಹೇಳುತ್ತಿದ್ದುದು ಒಂದೇ: ಅರವತ್ತೆರಡರಲ್ಲಿ, ಕಬ್ಬಿನ ಕೊಯ್ಲು ಶುರುವಾದ ವಾರ. ಖಾಲಿ ಬಿಡೋಣ ಎಂದು ನಾನೆಂದೆ. ಎರ್ಮೆಲಿಂದಾ ಬಿಡಲಿಲ್ಲ. ‘ಅವರಜ್ಜಿ ಹೇಳಿದ್ದನ್ನೇ ಬರಿಯಪ್ಪ. ತಾರೀಕು ಗೊತ್ತಿಲ್ಲದಿದ್ರೆ ಹುಟ್ಟಲೇ ಇಲ್ಲ ಅಂತಲಾ?’ ಎಂದರು. ಅವನು ಹಾಗೆಯೇ ಬರೆದ: ಕೊಯ್ಲು ಶುರುವಾದ ವಾರ, 1962.

ಮರುವರ್ಷ ಕ್ಲಬ್ಬಿಗೆ ಒಗೆಯುವ ಯಂತ್ರ ಬಂತು. ಎರ್ಮೆಲಿಂದಾರಿಗೆ ಬೆನ್ನು ಬಾಗಿತ್ತು. ಬೇಸರಪಡದೆ ಬಾನಿಯನ್ನು ಮಗಳ ಮನೆಗೆ ಕೊಟ್ಟುಬಿಟ್ಟರು. ಎಲಿಹಿಯೊ ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬಂದು ಅವರ ಮನೆಯ ತಗಡು, ನಲ್ಲಿ, ಮುರಿದ ಕುರ್ಚಿ ಸರಿಮಾಡಿ, ಬೀನ್ಸ್ ಮತ್ತು ಅನ್ನ ಉಂಡು, ಸಂಜೆಯವರೆಗೆ ಹರಟೆ ಹೊಡೆದು ಹೋಗುತ್ತಿದ್ದ. ಅಷ್ಟು ಮಾತಾಡುವವನನ್ನು ನಾವು ಮೂಗ ಎಂದು ಕರೆದೆವಲ್ಲ ಎಂದು ಆಕೆಗೆ ನಗು. ಎರಡು ಸಾವಿರದ ಹದಿನಾರರ ಆಗಸ್ಟಿನಲ್ಲಿ ಎರ್ಮೆಲಿಂದಾ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಶವಪೆಟ್ಟಿಗೆಯ ಮುಂದಿನ ಎರಡು ಹಿಡಿಗಳಲ್ಲಿ ಒಂದನ್ನು ಕಿತೇರಿಯೊ ಹಿಡಿದ, ಇನ್ನೊಂದನ್ನು ಎಲಿಹಿಯೊ. ತಿಯೋಫಿಲೊ ಕೋಲೂರಿಕೊಂಡು ಹಿಂದೆ ನಡೆದರು.